ದ್ಯಾಮವ್ವ ಹೇಳದ ಹೆಸರು

ಒಂದೂರಿನ ಪಂಚಾಯಿತಿಗೆ ಮಲ್ಲನಗೌಡ ಎಂಬ ಕಾರ್ಯದರ್ಶಿ ಇದ್ದ. ಒಳ್ಳೆಯವನೇ, ಆದರೆ ಹೊಸ ಯಂತ್ರ ಕಂಡರೆ ಕುಣಿದುಬಿಡುವ ಸ್ವಭಾವ. ಜನ ಬಿಸಿಲಲ್ಲಿ ಸಾಲು ನಿಲ್ಲಬಾರದೆಂದು ಅರ್ಜಿಗಳನ್ನೆಲ್ಲ ಆನ್‌ಲೈನ್ ಮಾಡಿಸಿದ. ಓದು ಬಾರದವರು ಫೋನು ಹಚ್ಚಿ ಯಂತ್ರಕ್ಕೆ ಉತ್ತರ ಹೇಳಿದರಾಯಿತು, ಅರ್ಜಿ ತಾನೇ ತುಂಬಿಕೊಳ್ಳುತ್ತಿತ್ತು. ಇನ್ನು ಕಚೇರಿಯ ಕಿಟಕಿ ಯಾಕೆಂದು ಅದಕ್ಕೆ ಬೀಗ ಹಾಕಿಸಿದ.

ಆ ವರ್ಷ ನಡೆಯಲಾಗದವರಿಗೆ ಗಾಲಿಕುರ್ಚಿ ಮಂಜೂರಾದವು. ಅರ್ಜಿ ಹಾಕುವ ಕೊನೆಯ ದಿನ ಮಲ್ಲನಗೌಡ ಪಟ್ಟಿ ನೋಡುತ್ತಾನೆ, ಒಂದೇ ಫೋನಿನಿಂದ ಐದು ಕರೆ. ಐದೂ 'ಅಪೂರ್ಣ'. ಏನಿದು ಎಂದು ಯಂತ್ರದಲ್ಲಿ ದಾಖಲಾದ ಕರೆಯನ್ನು ಹಾಕಿ ಕೇಳಿದ. ಮುದುಕಿಯೊಬ್ಬಳು ತನ್ನ ಹೆಸರು ದ್ಯಾಮವ್ವ ಎಂದಳು, ಓಣಿ ಹೇಳಿದಳು.

"ಕುರ್ಚಿ ಬೇಕಾದವರ ಹೆಸರು ಹೇಳಿ" ಎಂದಿತು ಯಂತ್ರದ ಹೆಣ್ಣುದನಿ.

"ನಮ್ಮ ಮನಿಯವರಿಗೆ ಬೇಕವ್ವಾ."

"ಹೆಸರು ಹೇಳಿ."

"ಅದs ತಂಗಿ, ನಮ್ಮವರು. ಎಂಟು ತಿಂಗಳಾತು ಹಾಸಿಗಿ ಹಿಡದು. ಮಾತೂ ನಿಂತೈತಿ. ಬರೇ ಬಾಗಲಾ ನೋಡತಾರ."

ಅಲ್ಲಿಗೆ ಯಂತ್ರ ಕರೆ ಕಡಿದಿತ್ತು. ಐದೂ ಸಲ ಇದೇ ಕತೆ.

ಹೆಂಡತಿ ಗಂಡನ ಹೆಸರು ಹೇಳಬಾರದೆಂಬ ರೂಢಿ ಮಲ್ಲನಗೌಡನಿಗೆ ಆಗ ನೆನಪಾಯಿತು. ಅವನ ಅವ್ವನೂ ಅಪ್ಪನ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಈ ಊರಲ್ಲೇ ಹುಟ್ಟಿ ಬೆಳೆದು ಇದನ್ನೇ ಮರೆತೆನಲ್ಲ ಎಂದು ನಾಚಿಕೊಂಡು, ಕಾಗದ ಹಿಡಿದು ದ್ಯಾಮವ್ವನ ಮನೆಗೆ ನಡೆದ. ರೇಷನ್ ಕಾರ್ಡು ನೋಡಿ ಹೆಸರು ಬರೆದುಕೊಳ್ಳಬಹುದಿತ್ತು. ಆದರೆ ಐದು ಸಲ ತಡವರಿಸಿದ ಬಾಯಿಂದಲೇ ಕೇಳಬೇಕೆನಿಸಿತು.

"ಎವ್ವಾ, ಹಂಗs ಹೇಳಬ್ಯಾಡ. ಲಗ್ನದಾಗ ಒಡಪು ಕಟ್ಟಿ ಗಂಡನ ಹೆಸರು ಹೇಳಿದ್ಯಲ್ಲ, ಅದನ್ನs ಹೇಳು."

ದ್ಯಾಮವ್ವ ಸೆರಗು ಹೊದ್ದಳು. ಆ ವಯಸ್ಸಿನಲ್ಲೂ ಮುಖ ಕೆಂಪಾಯಿತು.

"ಹೊಲದಾಗ ಬೆಳದೈತಿ ಬಿಳಿಜ್ವಾಳದ ತೆನಿ,
ಈರಬಸಪ್ಪನವರು ಕುಂತಲ್ಲೇ ನನ್ನ ಮನಿ."

ಹಾಸಿಗೆಯಲ್ಲಿದ್ದ ಈರಬಸಪ್ಪನ ಕಣ್ಣು ತುಂಬಿ ಬಂದವು. ಐವತ್ತು ವರ್ಷದ ಮೇಲೆ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿದ್ದ. ಮಲ್ಲನಗೌಡ ಆ ಹೆಸರನ್ನು ಕಾಗದದಲ್ಲಿ ಬರೆದುಕೊಂಡ.

ಸಂಜೆಯೊಳಗೆ ಅರ್ಜಿ ಆನ್‌ಲೈನ್‌ನಲ್ಲೇ ಹೋಯಿತು. ಮರುದಿನ ಕಿಟಕಿಯ ಬೀಗ ತೆಗೆಸಿದ. ಫೋನನ್ನೂ ನಿಲ್ಲಿಸಲಿಲ್ಲ, ಅದರಿಂದ ಎಷ್ಟೋ ಜನರ ಓಡಾಟ ತಪ್ಪಿತ್ತು. ಆದರೆ ಅರ್ಧಕ್ಕೆ ನಿಂತ ಕರೆಗಳನ್ನು ದಿನಾ ತಾನೇ ಕೂತು ಕೇಳಿ, ಆ ಮನೆಗಳಿಗೆ ಹೋಗತೊಡಗಿದ.

ತಿಂಗಳಿಗೆ ಕುರ್ಚಿ ಬಂತು. ಈರಬಸಪ್ಪ ಅಂಗಳಕ್ಕೆ ಬಂದು ಕೂತ. ಮೊರ ತಂದು ದ್ಯಾಮವ್ವನೂ ಪಕ್ಕದಲ್ಲೇ ಕೂತಳು.

ನೀತಿ: ಯಂತ್ರ ಉತ್ತರವನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. ಉತ್ತರ ಯಾಕೆ ಬರಲಿಲ್ಲ ಎಂದು ಕೇಳಲು ಮನುಷ್ಯನೇ ಬೇಕು. ಸೇವೆಗೆ ಎರಡೂ ಇರಲಿ.