ದೋಣಿಯವಳ ಸೆರಗು

“ಅಯ್ಯನವರೇ, ಮೂರು ವರ್ಷದಿಂದ ತಪ್ಪದೆ ಆರಾಧನೆಗೆ ಬರುತ್ತಿದ್ದೇನೆ. ದೇವರು ತನ್ನ ಜನರೊಳಗೆ ವಾಸಿಸುತ್ತಾನೆಂದು ನೀವು ಬೋಧಿಸುತ್ತೀರಿ. ನನಗೆ ಜನ ಮಾತ್ರ ಕಾಣುತ್ತಾರೆ. ಒಬ್ಬ ಆಕಳಿಸುತ್ತಾನೆ, ಇನ್ನೊಬ್ಬ ಪಕ್ಕದವನ ಅಂಗಿ ನೋಡುತ್ತಾನೆ. ದೇವರನ್ನು ಒಂದು ಸಲ ಕಾಣದೆ ನನ್ನ ಜೀವಕ್ಕೆ ಸಮಾಧಾನವಿಲ್ಲ. ಈ ಸಭೆ ಬಿಟ್ಟು ಬೇರೆಲ್ಲಾದರೂ ಹುಡುಕಲೇ?” ಎಂದು ಎಲೀಷ ಕೇಳಿದ.

ಹನೋಕ ಅಯ್ಯನವರು ಶಿಷ್ಯನನ್ನು ಹತ್ತಿರ ಕೂರಿಸಿಕೊಂಡರು. “ಹೋಗುವೆಯಂತೆ. ದಾರಿಯಲ್ಲಿ ಹೊಳೆ ಸಿಕ್ಕೀತು, ಮೊದಲು ಅದರ ಕತೆ ಕೇಳು,” ಎಂದು ಹೇಳತೊಡಗಿದರು.

ಒಂದು ಹೊಳೆ. ಆಚೆ ದಡದಲ್ಲಿ ದೇವಾಲಯ, ಈಚೆ ದಡದಲ್ಲಿ ವಿಶ್ವಾಸಿಗಳ ಊರು. ಇದ್ದದ್ದು ಒಂದೇ ದೋಣಿ. ಅದನ್ನು ನಡೆಸುತ್ತಿದ್ದ ಹೆಂಗಸೂ ಆ ಸಭೆಯವಳೇ. ಹೊಳೆಯ ಸೆಳೆತ ಎಷ್ಟು ಜೋರೆಂದರೆ ದೋಣಿಯನ್ನು ಕಟ್ಟಿ ಬಿಟ್ಟುಹೋಗುವಂತಿರಲಿಲ್ಲ. ಭಾನುವಾರ ಎಲ್ಲರನ್ನೂ ದಾಟಿಸಿ, ಅವರು ಬರುವವರೆಗೆ ಅವಳು ಹಗ್ಗ ಹಿಡಿದು ಕೂರಬೇಕಿತ್ತು.

ಹೀಗೆ ಇಪ್ಪತ್ತು ವರ್ಷ ಕಳೆಯಿತು. ಹಾಡು ನೀರಿನವರೆಗೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಂದೇ ಒಂದು ಸಲ ಒಳಗೆ ನಿಲ್ಲಬೇಕೆಂದು ಹಂಬಲಿಸಿ ಅವಳು ಅಳುತ್ತಿದ್ದಳು. ‘ಹೋಗಿ ಬರಲೇ’ ಎಂದು ಅವಳು ಕೇಳಲಿಲ್ಲ, ‘ಹೋಗಿ ಬಾ’ ಎಂದು ಯಾರೂ ಹೇಳಲಿಲ್ಲ. ಆರಾಧನೆ ಮುಗಿಸಿ ಬರುವವರಿಗೆ ಹಸಿವು ಜಾಸ್ತಿ, ನೋಡು.

ಆ ಸಭೆಯಲ್ಲಿ ಒಂದು ರೂಢಿ ಇತ್ತು. ದೇವರ ಸನ್ನಿಧಿಯಲ್ಲಿ ಹೆಂಗಸರು ತಲೆಗೆ ಸೆರಗು ಹೊದೆಯುತ್ತಿದ್ದರು, ಗಂಡಸರು ರುಮಾಲು ತೆಗೆಯುತ್ತಿದ್ದರು. ದೋಣಿಯವಳು ಹೋಗುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹುಟ್ಟು ಹಾಕುತ್ತಿದ್ದಳು. ಬರುವಾಗ ಮಾತ್ರ ತಲೆಗೆ ಹೊದ್ದುಕೊಳ್ಳುತ್ತಿದ್ದಳು. ಗಾಳಿಗೆ ಅದು ಜಾರುತ್ತಿತ್ತು. ಅವಳು ಹುಟ್ಟು ಬಿಟ್ಟು ಸೆರಗು ಎಳೆದುಕೊಳ್ಳುವಷ್ಟರಲ್ಲಿ ದೋಣಿ ಅಡ್ಡ ತಿರುಗುತ್ತಿತ್ತು.

ಒಂದು ಭಾನುವಾರ ಒಬ್ಬ ವ್ಯಾಪಾರಿ ಅವಳ ಮೇಲೆ ರೇಗಿದ. ಕೂರುವ ಜಾಗಕ್ಕಾಗಿ ಅವನು ಆಗಷ್ಟೇ ಪಕ್ಕದವನೊಡನೆ ಜಗಳಾಡಿದ್ದ.

“ಆರಾಧನೆ ಮುಗೀತಲ್ಲ, ಈಗ ಯಾಕಮ್ಮ ತಲೆ ಮೇಲೆ ಸೆರಗು?”

“ಹೋಗುವಾಗ ನೀವು ಮನೆಯಿಂದ ಬಂದಿರ್ತೀರಿ, ಸಾಹುಕಾರ್ರೇ. ಬರುವಾಗ ದೇವರನ್ನ ಒಳಗೆ ಇಟ್ಕೊಂಡು ಬಂದಿರ್ತೀರಿ. ಬರಿತಲೆಯಲ್ಲಿ ಹೇಗಿರಲಿ?”

“ನನ್ನೊಳಗೆ ದೇವರೇ? ನಾನು ಜಗಳ ಆಡಿದ್ದು ನೋಡಲಿಲ್ವಾ?”

“ನೋಡಿದೆ. ಅಷ್ಟಕ್ಕೇ ಅವನು ಇಳಿದುಹೋದ ಅಂತೀರಾ? ನಡುಹೊಳೆಯಲ್ಲಿ ಎಲ್ಲಿಗೆ ಇಳೀತಾನೆ?”

ದಡ ಮುಟ್ಟಿದಾಗ ವ್ಯಾಪಾರಿ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಗೆ ಇಳಿದ. ಆ ವಾರವೆಲ್ಲ ಅವನಿಗೆ ವ್ಯಾಪಾರದಲ್ಲಿ ಮನಸ್ಸು ನಿಲ್ಲಲಿಲ್ಲ. ಮುಂದಿನ ಭಾನುವಾರ ಎಲ್ಲರೂ ಇಳಿದ ಮೇಲೆ ಅವಳ ಕೈಯಿಂದ ಹಗ್ಗ ತೆಗೆದುಕೊಂಡು, ‘ಇವತ್ತು ನೀನು ಹೋಗಿ ಬಾ’ ಎಂದ.

ಅವಳು ಹೋದಳು. ಎಲ್ಲರ ಹಿಂದೆ ನಿಂತು ಹಾಡಿದಳು. ಪವಿತ್ರ ಭೋಜನದ ರೊಟ್ಟಿಯನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಆರಾಧನೆ ಮುಗಿದ ಕೂಡಲೇ, ಹಗ್ಗ ಹಿಡಿದವನ ಕೈ ನೋಯುತ್ತಿರಬಹುದೆಂದು, ಎಲ್ಲರಿಗಿಂತ ಮೊದಲು ಒಬ್ಬಳೇ ದಡಕ್ಕೆ ಓಡಿಬಂದಳು.

ಅವಳನ್ನು ಕಂಡು ವ್ಯಾಪಾರಿ ಎದ್ದು ನಿಂತ. ಒಂದು ಕೈಯಲ್ಲಿ ಹಗ್ಗ ಬಿಡದೆ, ಇನ್ನೊಂದು ಕೈಯಿಂದ ತಲೆಯ ರುಮಾಲು ತೆಗೆದ. ಅವಳಿಗೆ ಗಾಬರಿಯಾಯಿತು. ಯಾರು ಬರುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಅಯ್ಯನವರು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

“ಹಾಗಾದರೆ ನಾನು ಎಲ್ಲಿ ನೋಡಲಿ?” ಎಂದ ಎಲೀಷ.

“ನಿನ್ನ ಹಿಂದಿನ ಬೆಂಚಿನವನೂ ದೇವರನ್ನು ಕಾಣಲೆಂದೇ ಬರುತ್ತಾನೆ, ಎಲೀಷ; ಮೂರು ವರ್ಷದಿಂದ ಅವನ ಕಣ್ಣೆದುರು ಇರುವವನು ನೀನು.”