ಸುಮ್ಮನವ್ವನ ಗುಡ್ಡ

ಕೆಂಗೋಟೆ ಊರು ಬಿಟ್ಟು ಉತ್ತರದ ಬಂಡಿದಾರಿ ಹಿಡಿದರೆ, ಜೋಳದ ಹೊಲಗಳು ಮುಗಿಯುವಲ್ಲಿ ಒಂದು ಕೆಂಪು ಗುಡ್ಡ ಎದುರಾಗುತ್ತದೆ. ನೆತ್ತಿಯ ಮೇಲೆ ಸುಣ್ಣ ಬಳಿದ ಗುಮ್ಮಟ, ಅದರ ಹಿಂದೆ ಅರ್ಧ ಕುಸಿದ ಮನೆಯ ಗೋಡೆಗಳು, ಒಂದು ಹುಣಸೆಮರ. ಸರ್ಕಾರಿ ಕಾಗದಗಳಲ್ಲಿ ಇದು ಸಯ್ಯದರ ಗುಡ್ಡ. ಆದರೆ ಆ ಹೆಸರು ಹೇಳಿ ದಾರಿ ಕೇಳಿದರೆ ಸುತ್ತಲಿನ ಹಳ್ಳಿಯವರು ಮುಖ ಮುಖ ನೋಡುತ್ತಾರೆ. ಸುಮ್ಮನವ್ವನ ಗುಡ್ಡವೆಂದರೆ ದನ ಕಾಯುವವರೂ ಕೈ ತೋರಿಸುತ್ತಾರೆ. ಲಿಂಗಾಯತರ ಮನೆಯ ಹೆಂಗಸರೂ ಮುಸಲ್ಮಾನರ ಮನೆಯ ಹೆಂಗಸರೂ ಒಟ್ಟಿಗೇ ಹತ್ತುವ ಈ ಗುಡ್ಡಕ್ಕೆ ಆ ಹೆಸರು ಬಂದ ಬಗೆಯನ್ನು ಹಿರಿಯರು ಹೀಗೆ ಹೇಳುತ್ತಾರೆ.

ಹಿಂದೆ ಒಮ್ಮೆ ಕೆಂಗೋಟೆಯನ್ನಾಳಿದ ಸುಲ್ತಾನನೊಬ್ಬ ತನ್ನ ಸಿಂಹಾಸನಕ್ಕೆ ದೈವಬಲ ಬೇಕೆಂದು ಇರಾನಿನಿಂದ ಪ್ರವಾದಿಯವರ ವಂಶದ ಒಂದು ಸಯ್ಯದ್ ಮನೆತನವನ್ನು ಕರೆಸಿ, ಈ ಗುಡ್ಡದ ಮೇಲೆ ಮನೆ ಕಟ್ಟಿಸಿಕೊಟ್ಟನಂತೆ. ಕೆಲವೇ ವರ್ಷಗಳಲ್ಲಿ ಜನ ಕೋಟೆಗೆ ಬೆನ್ನು ಹಾಕಿ ಗುಡ್ಡಕ್ಕೆ ಮುಖ ಮಾಡಿದರು. ಜಗಳವಾಡಿದವರು ನ್ಯಾಯಕ್ಕೆ ಇಲ್ಲಿಗೆ ಬಂದರು. ಯುದ್ಧಕ್ಕೆ ಹೊರಟ ಸಿಪಾಯಿಗಳೂ ಮೊದಲು ಇಲ್ಲಿ ತಲೆಬಾಗಿದರು. ತಾನೇ ಕರೆಸಿದವರನ್ನು ಓಡಿಸುವಂತಿರಲಿಲ್ಲ, ಹಾಗೇ ಬಿಡುವಂತೆಯೂ ಇರಲಿಲ್ಲ. ಕೊನೆಗೆ ಸುಲ್ತಾನ ತನ್ನ ಮಗಳು ಮಾಹರುಖಳನ್ನು ಆ ಮನೆಯ ಯಜಮಾನ ಸಯ್ಯದ್ ಸಫೀಗೆ ಕೊಟ್ಟು ನಿಕಾಹ್ ಮಾಡಿಸಿದ. ಎಂಥ ಭಕ್ತಿ ಎಂದು ಊರೆಲ್ಲ ಕೊಂಡಾಡಿತು. ಮಾಹರುಖಳೂ ಅದನ್ನೇ ನಂಬಿ, ತನಗೆ ಹಾಲೂಡಿಸಿ ಬೆಳೆಸಿದ್ದ ನಾಗವ್ವನನ್ನು ಜೊತೆಗೆ ಕರೆದುಕೊಂಡು ಗುಡ್ಡ ಹತ್ತಿದಳು.

ಗಂಡ ಮೆತ್ತನೆಯ ಮನುಷ್ಯ. ಆದರೂ ಅವಳು ಕಾಲಿಟ್ಟ ಕಡೆಯಿಂದ ಮನೆಯವರ ಮಾತು ಎದ್ದು ಹೋಗುತ್ತಿತ್ತು. ನಿಮ್ಮವರು ನನ್ನನ್ನು ಕಂಡರೆ ಯಾಕೆ ಬಾಯಿ ಮುಚ್ಚುತ್ತಾರೆಂದು ಒಂದು ಸಂಜೆ ಅವಳು ಕೇಳಿಯೇಬಿಟ್ಟಳು. ಸಫೀ ಹೇಳಿದ: “ಬೇಗಂ, ಹಿಂದೆ ಬಾಗ್ದಾದಿನ ಖಲೀಫನೊಬ್ಬ ನಮ್ಮ ಹಿರಿಯರೊಬ್ಬರಿಗೆ ಮಗಳನ್ನು ಕೊಟ್ಟಿದ್ದ. ಹೆಣ್ಣಿನ ಜೊತೆ ತಂದೆಯ ಕಿವಿಯೂ ಮನೆಯೊಳಗೆ ಬಂತು. ನಮ್ಮ ಹಿರಿಯರು ತುಂಬ ದಿನ ಬದುಕಲಿಲ್ಲ.”

“ನಾನು ಅವಳಲ್ಲ.”

“ಅವಳೂ ಹಾಗೆಯೇ ಅಂದಿದ್ದಿರಬೇಕು.”

ಇಂಥ ಮನೆಯಲ್ಲಿ ನಾಗವ್ವನ ಹೊರತು ಅವಳಿಗೆ ಬಾಯ್ತುಂಬ ಮಾತಾಡಲು ಸಿಗುತ್ತಿದ್ದವಳೆಂದರೆ ಖೈರನ್. ಅರಮನೆಯ ಹಿರಿಯ ದಾಸಿ. ಶುಕ್ರವಾರ ಬಂತೆಂದರೆ ಖರ್ಜೂರದ ತಟ್ಟೆ ಹಿಡಿದು ಪಲ್ಲಕ್ಕಿಯಲ್ಲಿ ಬರುತ್ತಿದ್ದಳು. ತವರಿನವಳೆಂಬ ಸಲುಗೆಯಲ್ಲಿ ಮಾಹರುಖ್ ಮನೆಯ ಸಣ್ಣಪುಟ್ಟ ಸಂಗತಿಗಳನ್ನೆಲ್ಲ ಹೇಳುವಳು. ಒಮ್ಮೆ ನಗುತ್ತಾ, “ನಮ್ಮ ದೀಪ ಹಚ್ಚುವ ಇದ್ರೀಸ್ ಮುದುಕನಿಗೆ ಶುಕ್ರವಾರದ ನಮಾಜಿನ ಪ್ರವಚನದಲ್ಲಿ ಅಬ್ಬಾಜಾನರ ಹೆಸರು ಓದಿದಾಗಲೇ ಕೆಮ್ಮು ಬರುತ್ತದೆ, ನೋಡು” ಎಂದಳು. ಖೈರನ್ ಕೂಡ ನಕ್ಕಳು. ಮುಂದಿನ ಶುಕ್ರವಾರದೊಳಗೆ ಇದ್ರೀಸನ ಹೆಣ ಕೋಟೆಯ ಕಂದಕದಲ್ಲಿ ತೇಲಿತು.

ಹೆಣ ತೊಳೆಯುವಾಗ ಸಫೀಯ ಸಂಯಮದ ಕಟ್ಟೆಯೊಡೆಯಿತು. “ಆ ಕೋಟೆ ಉರುಳಿದ ದಿನ ನಾನು ಸಿಹಿ ಹಂಚುತ್ತೇನೆ” ಎಂದುಬಿಟ್ಟ. ಕೇಳಿದವರು ಇಬ್ಬರೇ: ನೀರು ಹೊಯ್ಯುತ್ತಿದ್ದ ಒಬ್ಬ ಶಿಷ್ಯ, ಪರದೆಯ ಹಿಂದಿದ್ದ ಮಾಹರುಖ್. ಶಿಷ್ಯ ಜಹಗೀರಿನ ಆಸೆಗೆ ಕೋಟೆಗೆ ಓಡಿದ. ಮಾಹರುಖಳಿಗೆ ಮಾತ್ರ ಆ ಕ್ಷಣದಲ್ಲಿ ಎಲ್ಲವೂ ತಿಳಿಯಿತು. ತನ್ನನ್ನು ಇಲ್ಲಿಗೆ ಏಕೆ ಕಳಿಸಿದರು, ಮುದುಕನನ್ನು ಕೊಂದವರು ಯಾರು ಎಂಬುದೆಲ್ಲ. ಅವಳು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತಳು. ಖೈರನ್ ಬಂದು ಏನು ಕೇಳಿದರೂ ತುಟಿ ಬಿಚ್ಚಲಿಲ್ಲ.

ಸುಲ್ತಾನ ತಾನೇ ಖಾಜಿಯೊಡನೆ ಗುಡ್ಡಕ್ಕೆ ಬಂದ. ಶಿಷ್ಯ ಸಾಕ್ಷಿ ನುಡಿದ, ಪರದೆಯ ಹಿಂದಿನಿಂದ ಬೇಗಂ ಕೂಡ ಕೇಳಿದ್ದಾರೆಂದ. ಒಬ್ಬನ ಮಾತಿನ ಮೇಲೆ ಸಯ್ಯದರ ತಲೆ ತೆಗೆಸಲಾರೆ, ಮನೆಯೊಳಗಿನವರೂ ಹೇಳಬೇಕು ಎಂದು ಖಾಜಿ ಪಟ್ಟು ಹಿಡಿದ. ಮಾಹರುಖ್ ಕುಳಿತಿದ್ದ ಪರದೆಯ ಮುಂದೆ ಕುರಾನನ್ನು ತಂದಿಟ್ಟರು. ಹೌದೆಂದರೆ ಗಂಡ ಹೋಗುತ್ತಾನೆ. ಇಲ್ಲವೆಂದರೆ ದೇವರ ಮಾತಿನ ಮೇಲೆ ಕೈಯಿಟ್ಟು ಆಡಿದ ಸುಳ್ಳಾಗುತ್ತದೆ.

“ಮಗಳೇ, ಹೌದು ಅನ್ನು, ಇಲ್ಲ ಅನ್ನು. ಎರಡರಲ್ಲಿ ಒಂದು” ಎಂದ ಸುಲ್ತಾನ.

ಅವಳು ಸುಮ್ಮನಿದ್ದಳು. ಬೆದರಿಸಿದ, ಸುಮ್ಮನಿದ್ದಳು. ನಿನ್ನ ತಾಯಿಯ ಆಣೆ ಎಂದ; ಆಗಲೂ ಅಷ್ಟೇ. ನೆರಳು ತಿರುಗಿತು, ಇಳಿಹೊತ್ತಿನ ಅಸರ್ ನಮಾಜಿನ ಸಮಯವಾಯಿತು. ಖಾಜಿ ಎದ್ದು, ಮೌನ ಸಾಕ್ಷಿಯಾಗದು ಎಂದು ಚಪ್ಪಲಿ ಮೆಟ್ಟಿದ. ಸುಲ್ತಾನ ಹಲ್ಲು ಕಚ್ಚಿ, “ಇವತ್ತಲ್ಲದಿದ್ದರೆ ನಾಳೆ ಮಾತಾಡುತ್ತಾಳೆ. ಆಡಿದ ದಿನ ಕೇಳುತ್ತೇನೆ” ಎಂದು ಖೈರನಳನ್ನು ಅದೇ ಮನೆಯಲ್ಲಿ ಬಿಟ್ಟುಹೋದ.

ಅಲ್ಲಿಂದ ಮುಂದಿನದೇ ನಿಜವಾದ ಸೆರೆ ಎನ್ನುತ್ತಾರೆ. ಒಂದು ಮಾತಾಡಿದರೂ ಬಾಯಿ ಬಂತೆಂದು ಕೋಟೆಗೆ ಸುದ್ದಿ ಹೋಗುತ್ತದೆ. ಮತ್ತೆ ಖಾಜಿ, ಮತ್ತೆ ಕುರಾನು. ಹಾಗಾಗಿ ಮಾಹರುಖ್ ಗಂಡನೊಡನೆಯೂ ಮಾತು ಬಿಟ್ಟಳು. ಅವನು ಪಕ್ಕದಲ್ಲಿ ಕುಳಿತು, ನಿನ್ನನ್ನು ಖಲೀಫನ ಮಗಳಿಗೆ ಹೋಲಿಸಿದ್ದು ನನ್ನ ತಪ್ಪು ಎಂದು ಕಣ್ಣೀರಿಟ್ಟಾಗಲೂ ಅವನ ಕೈ ಹಿಡಿದಳು, ಅಷ್ಟೇ. ಮಗ ಹುಟ್ಟಿದ. ಹೆರಿಗೆಯ ನೋವಿನಲ್ಲೂ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳಂತೆ. ಮಗು ಅಮ್ಮೀ ಎಂದು ಮನೆಯೆಲ್ಲ ಹುಡುಕಿಕೊಂಡು ಬರುವಾಗ ಓಗೊಡಲಾಗದೆ ಬಳೆ ಆಡಿಸುವಳು. ಲಾಲಿ ಹಾಡಿದವಳು ನಾಗವ್ವ. ಆ ಮಗು ಕಲಿತದ್ದು ಅವಳ ಕನ್ನಡ. ಹೊಸ್ತಿಲಲ್ಲಿ ಖೈರನ್ ಕುಳಿತೇ ಇದ್ದಳು. ಸಫೀ ತೀರಿಕೊಂಡ ದಿನವೂ, ಹೆಣದ ಮುಂದೆ ಮಾಹರುಖ್ ದನಿ ತೆಗೆಯುತ್ತಾಳೇನೋ ಎಂದು ಕಿವಿಗೊಟ್ಟಿದ್ದಳು. ಮನೆಗೂ ಮಗನಿಗೂ ಆಪತ್ತು ಬಂದೀತೆಂದು ಅವಳು ಆಗಲೂ ಬಾಯಿ ಬಿಡಲಿಲ್ಲ.

ಸುಲ್ತಾನ ಸತ್ತ, ಪಟ್ಟ ಬದಲಾಯಿತು, ಕೊನೆಗೆ ಖೈರನಳೂ ಕಣ್ಣು ಮುಚ್ಚಿದಳು. ಮಣ್ಣು ಮಾಡಿ ಬಂದ ಮೇಲೆ ನಾಗವ್ವ ಬಾಗಿಲು ಹಾಕಿ ಹೇಳಿದಳು: “ಇನ್ನ ಯಾರೂ ಇಲ್ಲ ನನ್ನವ್ವಾ. ಈಗರೆ ಒಂದು ಮಾತಾಡು.” ಮಾಹರುಖ್ ಬಾಯಿ ತೆರೆದಳು. ಗಂಟಲ ನರ ಉಬ್ಬಿತು, ತುಟಿ ಅಲುಗಿತು. ಬಂದದ್ದು ಬರೀ ಉಸಿರು. ನಾಗವ್ವ ಅವಳ ತಲೆಯನ್ನು ಎದೆಗೊತ್ತಿಕೊಂಡು, “ಇರಲಿ ಬಿಡು, ಸುಮ್ಮನಿರವ್ವ, ಸುಮ್ಮನಿರು” ಎಂದಳು. ಆ ಮಾತೇ ಹೆಸರಾಗಿ ನಿಂತಿತು.

ಈಗ ಹೋದವರಿಗೆ ಗುಮ್ಮಟದೊಳಗೆ ಎರಡು ಗೋರಿ ಕಾಣುತ್ತವೆ. ಸಯ್ಯದರ ಗೋರಿಯ ತುಂಬ ಅಕ್ಷರಗಳಿವೆ, ಸುಮ್ಮನವ್ವನದು ನುಣ್ಣಗೆ ಖಾಲಿ. ಗಂಡನ ಮನೆಗೆ ಹೊರಟ ಹುಡುಗಿಯರು ಅದರ ಮೇಲೆ ಹಸಿರು ಬಳೆಯಿಟ್ಟು ಸ್ವಲ್ಪ ಹೊತ್ತು ಕೂರುತ್ತಾರೆ. ಹೊರಗೆ ಬರುವಾಗ ಹೊಸ್ತಿಲ ಪಕ್ಕದಲ್ಲಿ ಇನ್ನೊಂದು ಸಣ್ಣ ಗೋರಿಯಿದೆ. ಅದಕ್ಕೆ ಯಾರೂ ಹೂವೇರಿಸುವುದಿಲ್ಲ. ಯಾರದೆಂದು ಕೇಳಿದರೆ ಗುಡ್ಡದ ಹೆಂಗಸರು ಕಣ್ಣಿನಲ್ಲೇ ಮುಂದೆ ನಡೆಯಿರೆಂದು ಸನ್ನೆ ಮಾಡುತ್ತಾರೆ. ಅದನ್ನು ದಾಟಿ ಹುಣಸೆಮರದ ಹತ್ತಿರ ಬಂದ ಮೇಲೆಯೇ, ತಗ್ಗಿದ ದನಿಯಲ್ಲಿ, ಖೈರನ್ ಎಂದು ಹೇಳುತ್ತಾರೆ.