ಪಾಕದ ಸದ್ದು

ಸಾತವ್ವನ ಕೈಗೆ ಜನ್ಮದಲ್ಲಿ ಪಾಕ ಹತ್ತುವುದಿಲ್ಲ ಎಂದು ಹೇಳಿದವಳು ಅವಳ ಅತ್ತೆ ಕಲ್ಲವ್ವ. ಒಳಗೆ ಕರೆದು ಹೇಳಿದ್ದಲ್ಲ, ಓಣಿಯ ಹೆಂಗಸರೆಲ್ಲ ಕೂತಿದ್ದ ಕಟ್ಟೆಯ ಮೇಲೆ.

ಹೊಸ ಸೊಸೆ ಮಾಡಿದ ಶೇಂಗಾ ಚಿಕ್ಕಿ ಅಂದು ಗಟ್ಟಿಯಾಗದೆ ತಾಟಿಗೆ ಅಂಟಿಕೊಂಡಿತ್ತು. ಕಲ್ಲವ್ವ ಅದನ್ನು ಬೆರಳಲ್ಲಿ ಎಳೆದು ತೋರಿಸಿ, ಇದನ್ನು ತಿನ್ನುವುದೋ ಗೋಡೆಯ ಬಿರುಕಿಗೆ ಮೆತ್ತುವುದೋ ಎಂದು ಕೇಳಿದಳು. ಹೆಂಗಸರು ನಕ್ಕರು.

ಅತ್ತೆಯ ಬಾಯಿಂದ ‘ಚಲೋ ಆಗೈತಿ’ ಎಂಬ ಮಾತು ಬರುವ ತನಕ ಚಿಕ್ಕಿಯ ಚೂರನ್ನೂ ನಾಲಿಗೆಗೆ ಇಡುವುದಿಲ್ಲ ಎಂದು ಸಾತವ್ವ ಅಂದೇ ಆಣೆ ಮಾಡಿಕೊಂಡಳು.

ಯಾರನ್ನೂ ಕೇಳದೆ ಕಲಿತಳು. ಕುದಿಯುವ ಬೆಲ್ಲದ ಹನಿಯೊಂದನ್ನು ತಣ್ಣೀರಿಗೆ ಬಿಟ್ಟು, ಗಟ್ಟಿಯಾದ ಅದನ್ನು ಹಿತ್ತಾಳೆ ತಾಟಿಗೆ ಎಸೆಯುವಳು. ಟಣ್ ಎಂದರೆ ಪಾಕ ಬಂತು. ಸದ್ದು ಸಾಲದೆನಿಸಿದರೆ ಇನ್ನಷ್ಟು ಕುದಿಸುವಳು. ಸದ್ದು ಅವಳಿಗೆ ಯಾವಾಗಲೂ ಸಾಲದೆನಿಸುತ್ತಿತ್ತು.

ಆಮೇಲೆ ಶೇಂಗಾ, ಎಳ್ಳು, ಜೋಳದ ಅರಳು ಸುರಿದು, ಲಟ್ಟಿಸಿ, ಉದ್ದುದ್ದ ಪಟ್ಟಿ ಕೊಯ್ಯುವಳು. ಗಂಡನ ಬುತ್ತಿಗೊಂದು, ಮಗಳು ಹೊನ್ನವ್ವನ ಸಾಲೆಯ ಚೀಲಕ್ಕೊಂದು.

ಕಲ್ಲವ್ವ ಆ ಮಾತು ಹೇಳದೆಯೇ ಸತ್ತಳು. ಹಾಸಿಗೆ ಹಿಡಿದಾಗ ಸೊಸೆ ಕೊಟ್ಟ ಚೂರನ್ನು ಚೀಪಿ, ಅಂಗೈಗೆ ಉಗಿದು, ಗೋಡೆಯ ಕಡೆ ಹೊರಳಿದ್ದಳು. ಸಾಯುವಾಗಲೂ ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡ ಸಾತವ್ವ ತನ್ನ ಆಣೆಯನ್ನು ಬಿಡಲಿಲ್ಲ.

ಹೊನ್ನವ್ವ ಬೆಳೆದು ದೊಡ್ಡವಳಾದಳು. ಈ ಸಲ ಪಂಚಮಿಗೆಂದು ಹೊಳೆಯಾಚೆ ಸೋದರತ್ತೆಯ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಕರೆಯಲು ಹೋದ ಅಪ್ಪ ಒಬ್ಬನೇ ಬಂದ. ಏನಂದಳು ಎಂದರೆ ಬಾಯಿ ಬಿಡಲಿಲ್ಲ.

ಸಾತವ್ವ ಡಬ್ಬಿ ತುಂಬ ಚಿಕ್ಕಿ ಹಿಡಿದು ಹೊಳೆದಂಡೆಯ ಆಶ್ರಮಕ್ಕೆ ಬಂದಳು. ಅಲ್ಲಿಯ ಅಜ್ಜಾರು ಅವಳ ಗುರು. ಅವರ ಮಾತನ್ನು ಹೊನ್ನವ್ವ ಮೀರಲಾರಳು ಎಂದು ಅವಳಿಗೆ ಗೊತ್ತಿತ್ತು.

“ಮನಿಗೆ ಹೋಗು ಅಂತ ಒಂದು ಮಾತು ಹೇಳಿ ಕಳಸ್ರಿ, ಅಜ್ಜಾರ. ನನಗಿರಾಕಿ ಅಕಿ ಒಬ್ಬಾಕಿನ.”

ಯಾಕೆ ಹೋದಳೆಂದು ಅಜ್ಜಾರು ಕೇಳಿದರು. ತನಗೇನು ಗೊತ್ತು ಎಂದಳು ಸಾತವ್ವ. ತಾನು ಯಾವುದಕ್ಕೂ ಕಡಿಮೆ ಮಾಡಿಲ್ಲ. ಹೊರಗಿನ ತಿನಿಸಿಗೆ ಮಗಳು ಒಂದು ದಿನವೂ ಕೈ ಒಡ್ಡಿದವಳಲ್ಲ, ಎಲ್ಲ ತನ್ನ ಕೈಯದೇ. ಹಾಗೆಂದು ಡಬ್ಬಿ ತೆರೆದು ಅವರ ಮುಂದಿಟ್ಟಳು.

ಅಜ್ಜಾರು ಒಂದು ಪಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದು ನುಂಗಿದರು. ಉಳಿದ ಅರ್ಧವನ್ನು ಅವಳಿಗೆ ಚಾಚಿದರು.

ಸಾತವ್ವ ಹಿಂದೆ ಸರಿದು ತನ್ನ ಆಣೆಯ ಕಥೆ ಹೇಳಿದಳು.

“ನಿಮ್ಮತ್ತಿ ಈಗ ಎಲ್ಲಿ ಅದಾಳ?”

“ಹೋಗಿ ಬಾಳ ದಿನ ಆತ್ರಿ.”

“ಮತ್ತ ಯಾರ ಸಲುವಾಗಿ ಬಾಯಿ ಕಟ್ಟೀದಿ?”

ಗುರುಗಳ ಕೈ ಚಾಚಿಕೊಂಡೇ ಇತ್ತು. ಸಾತವ್ವ ತೆಗೆದುಕೊಂಡು ಕಚ್ಚಿದಳು.

ಕಹಿ. ಸುಟ್ಟ ಬೆಲ್ಲದ ಕಹಿ, ಗಂಟಲ ತನಕ.

ಇವತ್ತು ಉರಿ ಹೆಚ್ಚಾಗಿರಬೇಕು ಎಂದಳು. ಹಾಗಾದರೆ ಇಲ್ಲೇ ಮಾಡು ಎಂದು ಅಜ್ಜಾರು ಆಶ್ರಮದ ಒಲೆ ತೋರಿಸಿದರು.

ಸಾತವ್ವ ಬೆಲ್ಲ ಕರಗಿಸಿದಳು. ಹನಿ ಎಸೆದಳು, ಕೇಳಿದಳು, ಇನ್ನಷ್ಟು ಕುದಿಸಿದಳು. ಕೊನೆಗೆ ತಾಟು ಅವಳಿಗೆ ಒಪ್ಪುವಂತೆ ಟಣ್ ಎಂದಿತು. ಆ ಹನಿಯನ್ನೇ ಬಾಯಿಗೆ ಹಾಕಿಕೊ ಎಂದರು ಅಜ್ಜಾರು.

ಅದೇ ಕಹಿ.

ಅವಳು ಸೌಟು ಕೆಳಗಿಟ್ಟಳು.

“ಇಷ್ಟು ವರ್ಷ ಯಾರೂ ಹೇಳಲಿಲ್ಲೇನು?”

“ಒಬ್ಬಾಕಿ ಹೇಳಿದ್ದಳ್ರಿ.”

“ಯಾರು?”

“ಹೊನ್ನಿ. ಇನ್ನೂ ಹಾಲುಹಲ್ಲು ಬಿದ್ದಿದ್ದಿಲ್ಲ. ಕಹಿ ಐತಿ ಯವ್ವಾ ಅಂದ್ಲು.”

“ನೀ ಏನು ಮಾಡಿದಿ?”

“ಕೈಯಾಗ ಸೌಟಿತ್ರಿ.”

ಸೌಟಿಗೆ ಬಿಸಿ ಪಾಕ ಅಂಟಿತ್ತು. ಹೊನ್ನವ್ವನ ಕೆಳತುಟಿಯಿಂದ ಗದ್ದಕ್ಕೆ ಇಳಿದ ಕಲೆಯನ್ನು ಊರೆಲ್ಲ ಕಂಡಿದೆ. ಮಗು ಒಲೆಯ ಹತ್ತಿರ ಆಡುತ್ತ ಬಿತ್ತು ಎಂದು ಸಾತವ್ವನೇ ಎಲ್ಲರಿಗೂ ಹೇಳಿದ್ದಳು. ಅಂದಿನಿಂದ ಆ ಮನೆಯಲ್ಲಿ ಚಿಕ್ಕಿ ಒಂದು ದಿನವೂ ಕೆಡಲಿಲ್ಲ. ಹೇಗಾಗಿದೆ ಎಂದು ಅವಳು ಕೇಳುವ ಮೊದಲೇ ಗಂಡ, ಮಗಳು ಇಬ್ಬರೂ ಚಲೋ ಆಗೈತಿ ಅನ್ನುತ್ತಿದ್ದರು.

ಒಲೆ ಆರುತ್ತಾ ಬಂತು. ಸಾತವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಇನ್ನು ಮೇಲೆ ರುಚಿ ನೋಡಿಯೇ ಮಾಡುತ್ತೇನೆ, ಹಾಗೆಂದು ಹೇಳಿ ಕಳಿಸಿರಿ, ಅವಳು ಬರುತ್ತಾಳೆ ಎಂದಳು.

“ಹೊನ್ನವ್ವ ಇಲ್ಲಿಗೆ ಬಂದಿದ್ದಳು,” ಎಂದರು ಅಜ್ಜಾರು.

ಸಾತವ್ವ ತಲೆ ಎತ್ತಿದಳು.

“ನೀ ಕೇಳೂದಕ್ಕ ಮೊದಲ ನಾ ಹೇಳೀನಿ, ಮನಿಗೆ ಹೋಗು ಅಂತ. ಅಕಿ ನನ್ನ ಕಾಲು ಹಿಡಿದಳು. ಅದೊಂದು ಮಾತು ಬಿಟ್ಟು ಬ್ಯಾರೆ ಏನರ ಹೇಳ್ರಿ, ಮಾಡತೀನಿ ಅಂದಳು. ಚಲೋ ಆಗೈತಿ ಅಂತ ಇನ್ನೊಮ್ಮೆ ಅನ್ನಾಕ ನನ್ನ ಕಡಿಂದ ಆಗೂದಿಲ್ಲ ಅಜ್ಜಾ, ಅಂದಳು.”

ಹೊಳೆಯಾಚೆಯಿಂದ ಬಂದ ದೋಣಿ ದಂಡೆಗೆ ತಾಗಿತು. ಇಳಿದವರು ತಮ್ಮ ತಮ್ಮ ಗಂಟು ಹೊತ್ತು ನಡೆದರು. ಸಾತವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಯವರು ದಾಟಿಹೋದ ಮೇಲೆ ಗುರುಗಳ ಕಡೆ ತಿರುಗಿದಳು.

“ನನಗೇನು ಉಳೀತ್ರಿ, ಅಜ್ಜಾರ?”

ಅಜ್ಜಾರು ಡಬ್ಬಿಯ ಮುಚ್ಚಳ ಹಾಕಿ ಅವಳ ಕೈಗೆ ಕೊಟ್ಟರು.

“ಒಲಿ ನಿಂದು, ಬಾಣಲಿ ನಿಂದು, ನಿನಗ ಎದುರಾಡೋ ಒಂದು ನಾಲಿಗಿನೂ ಇಲ್ಲದ ಮನಿ ನಿಂದು. ಅದರ ಬದಲಿಗೆ ನೀ ಕೊಟ್ಟಿದ್ದು, ಖರೇ ಹೇಳಿದ ಒಬ್ಬ ಮಗಳನ್ನ.”